ಜೊತೆಗಿರುವವರ ಹೆಬ್ಬೆಟ್ಟು

ಮಂಡಕ್ಕಿಯ ಗಿರಮಿಟ್ಟಿಗೆ ಹಸಿ ಉಳ್ಳಾಗಡ್ಡಿಯನ್ನು ಕಲಸುವಾಗಲೇ ಹಾಕಬೇಕೋ, ಕಲಸಿದ ಮೇಲೆ ಉದುರಿಸಬೇಕೋ ಎಂಬುದು ಹಾವೇರಿ ಜಿಲ್ಲೆಯ ಮಟ್ಟಿಗೆ ಇಂದಿಗೂ ಇತ್ಯರ್ಥವಾಗದ ಗಂಭೀರ ಪ್ರಶ್ನೆ. ಇದರಿಂದ ಮಾತು ಬಿಟ್ಟ ಬೀಗರಿದ್ದಾರೆ. ಮೊನ್ನೆ ಆಷಾಢದ ಒಂದು ಸಂಜೆ, ಬ್ಯಾಡಗಿಯ ಹೊರಗೆ ರಾಣೇಬೆನ್ನೂರು ರಸ್ತೆಗೆ ಹತ್ತಿಕೊಂಡಿರುವ ಮಾನಸಿಕ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಈ ಪ್ರಶ್ನೆ ಎದ್ದಾಗ, ತಗಡಿನ ಮೇಲೆ ಬೀಳುವ ಮಳೆಯ ಸದ್ದನ್ನೂ ಮೀರಿ ಮೂರು ಜನ ಒಟ್ಟಿಗೇ ಮಾತಾಡುತ್ತಿದ್ದರು. ಮಲ್ಲೇಶಪ್ಪನವರದು ಕಲಸುವ ಪಕ್ಷ. ಮುಮ್ತಾಜಬಿಯವರದು ಉದುರಿಸುವ ಪಕ್ಷ. ನನ್ನದು, ತಟ್ಟೆ ಯಾರ ಮುಂದಿತ್ತೋ ಅವರ ಪಕ್ಷ.

ಊರು ಬೇರೆ, ಜಾತಿ ಬೇರೆ, ವಯಸ್ಸು ಬೇರೆಯಾದರೂ ಆಸ್ಪತ್ರೆಯ ಕಾಗದದಲ್ಲಿ ನಮಗೆಲ್ಲ ಇದ್ದ ಹೆಸರು ಒಂದೇ: ‘ಜೊತೆಗಿರುವವರು’. ಅಲ್ಲಿ ರೋಗಿಯನ್ನು ಒಂಟಿಯಾಗಿ ಸೇರಿಸಿಕೊಳ್ಳುವುದಿಲ್ಲ. ಮನೆಯವರೊಬ್ಬರು ಸಹಿ ಹಾಕಬೇಕು, ಮಂಚದ ಪಕ್ಕದ ಸ್ಟೂಲಿನ ಮೇಲೆ ದಿನಗಟ್ಟಲೆ ಕೂತಿರಬೇಕು, ವಾಸಿಯಾದ ಮೇಲೆ ಯಾರು ಸಹಿ ಹಾಕಿದ್ದರೋ ಅವರೇ ಕರೆದುಕೊಂಡು ಹೋಗಬೇಕು. ಮಲ್ಲೇಶಪ್ಪನವರು ಹೆಂಡತಿಯ ಜೊತೆಗಿದ್ದರು, ಮುಮ್ತಾಜಬಿ ಮಗನ ಜೊತೆಗೆ. ನಾನು ನನ್ನ ಹೆಂಡತಿಯ ತಮ್ಮ ನಂದನನ ಜೊತೆಗಿದ್ದೆ. ಕಚೇರಿಯವರು ತನ್ನ ಮನಸ್ಸನ್ನು ಓದುತ್ತಿದ್ದಾರೆ ಎಂದು ಅವನು ನಾಲ್ಕು ತಿಂಗಳಿಂದ ನಂಬಿದ್ದ. ಅವರು ಕಡತವನ್ನೇ ಓದುವವರಲ್ಲ ಎಂದು ನಾನು ಹೇಳಿದ್ದು ಉಪಯೋಗಕ್ಕೆ ಬಂದಿರಲಿಲ್ಲ.

ಏಳು ಗಂಟೆಗೆ ಕರೆಂಟು ಹೋಯಿತು. ಕ್ಯಾಂಟೀನಿನವನು ಮೇಣದಬತ್ತಿಯೊಂದನ್ನು ಬೋರಲು ಹಾಕಿದ ಡಬರಿಯ ಮೇಲೆ ನಿಲ್ಲಿಸಿದ. ಮೂಲೆಯಲ್ಲಿ ಗೋಡೆಗೊರಗಿ ಕೂತಿದ್ದ ಹಾಲೇಶಪ್ಪನವರು ಆಗ ಮೊದಲ ಸಲ ಬಾಯಿ ತೆರೆದರು. ಮೂವತ್ತು ವರ್ಷ ಆ ಆಸ್ಪತ್ರೆಯ ಗೇಟು ಕಾಯ್ದವರು. ಕೆಲಸ ಬಿಟ್ಟರೂ ಸಂಜೆಯ ಚಹಾ ಬಿಡದವರು. ಕ್ಯಾಂಟೀನಿನಿಂದ ಒಳಗೆ ಮಾತ್ರ ಒಂದು ಹೆಜ್ಜೆ ಇಡುವುದಿಲ್ಲ ಎಂದು ಕೇಳಿದ್ದೆ.

“ಉಳ್ಳಾಗಡ್ಡಿದು ಆಮ್ಯಾಲ ನೋಡೂಣ್ರಿ,” ಎಂದರು. “ನಿಮ್ಮ ನಿಮ್ಮ ಪೇಷಂಟಿನ ಕಾಗದದ ಮ್ಯಾಲ ಯಾರ ಸಹಿ ಐತಿ, ಒಮ್ಮೆರೆ ತಗದ ನೋಡೀರೇನು?”

“ನಂದ ಐತಲ್ಲೋ ಯಪ್ಪಾ, ಮತ್ಯಾರದಿರ್ತೈತಿ?” ಎಂದರು ಮುಮ್ತಾಜಬಿ.

“ಹಂಗ ಎಲ್ಲಾರೂ ಅಂತಾರವ್ವಾ. ಸಮೀಪ ಬರ್ರಿ, ಮಳಿ ಸಪ್ಪಳಕ್ಕ ನನ್ನ ದನಿ ಕೇಳಂಗಿಲ್ಲ.”

ನಾವು ಬೆಂಚು ಎಳೆದುಕೊಂಡೆವು. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಇಡುತ್ತೇನೆ.

“ಕೊರೊನಾ ಹೋಗಿ ಒಂದೆರಡ ವರ್ಷ ಆಗಿತ್ತು. ಹಾಲೆಂಡ್ ದೇಶದಿಂದ ಒಬ್ಬಾಕಿ ಹುಡುಗಿ ಬಂದ್ಲು, ಸೇವಾ ಮಾಡಾಕ ಅಂತ. ಹೆಸರು ಆನೆಕೆ. ನಮ್ಮ ಬಾಯಾಗ ಅದು ಎಲ್ಲಿ ಹೊಳ್ಳಬೇಕು? ಎರಡ ದಿನದಾಗ ಅನ್ನಕ್ಕ ಆದ್ಲು. ಪಗಾರ ಇಲ್ಲ, ಸೂಟಿ ಇಲ್ಲ, ತನ್ನ ರೊಕ್ಕದಾಗ ವಿಮಾನ ಹತ್ತಿ ಬಂದು ನಮ್ಮ ಪೇಷಂಟರ ಉಗುರು ಕತ್ತರಸಾಕತ್ಲು. ನೀವ ಹೇಳ್ರಿ, ಮಂದಿ ಸುಮ್ನ ಇರ್ತಾರೇನು? ಒಬ್ರು ಅಂದ್ರು, ಜಾತಿ ಕೆಡಸಾಕ ಬಂದಾಳ. ಇನ್ನೊಬ್ರು, ಇಲ್ಲೋ, ಬ್ಯಾಡಗಿ ಮೆಣಸಿನಕಾಯಿ ಬೀಜಾ ಕದ್ದ ಒಯ್ಯಾಕ ಬಂದಾಳ. ನಾ ಏನ ಕಮ್ಮಿ? ಇಷ್ಟ ನಗು ಇರಾಕಿ ಹೊಟ್ಯಾಗ ಏನೋ ಇರಬೇಕ ಅಂತ ದಿನಾ ಆಕಿ ಚೀಲಾ ತಪಾಸ ಮಾಡ್ತಿದ್ದೆ. ಏನ ಸಿಗ್ತಿತ್ತು? ಒಂದು ನೀರಿನ ಬಾಟ್ಲಿ, ಒಂದು ಕನ್ನಡ ಕಲಿಯೂ ಪುಸ್ತಕ. ಅದನ್ನೂ ಹಾಳಿ ತಿರುವಿ ನೋಡ್ತಿದ್ದೆ...

“ಆಕಿದು ಎರಡ ಕೆಲಸ. ಮಧ್ಯಾಹ್ನ ಹಾಲ್‌ನಾಗ ಪೇಷಂಟರನ್ನ ಕುಂಡ್ರಿಸಿ ಮೆಣಸಿನಕಾಯಿ ತೊಟ್ಟು ಬಿಡಸೋದು. ಪ್ಯಾಟಿ ಅಂಗಡಿಯಿಂದ ಚೀಲಾ ಬರ್ತಿದ್ವು. ಕೈಗೆ ಕೆಲಸ ಇದ್ರ ತಲಿ ಹಗರ ಆಗ್ತೈತಿ ಅಂತ ಡಾಕ್ಟರು ಹೇಳಿದ್ರು. ತಲಿ ಹಗರ ಆತೋ ಇಲ್ಲೋ, ಆ ಘಾಟಿಗೆ ಪೇಷಂಟು, ಜೊತಿಗಿದ್ದವರು, ನರ್ಸು, ಹಾದಿ ಮ್ಯಾಲ ಹೋಗಾವರು, ಎಲ್ಲಾರೂ ಸೀನವರ. ಅನ್ನಕ್ಕ ಒಂದಕ್ಕ ಒಂದು ಹನ್ನೆರಡ ಸೀನು ಸೀನಿ, ಮತ್ತ ನಗಾಕಿ.

“ಮುಂಜಾನಿ ಕೆಲಸ ಅಂದ್ರ ಹೊಸಾ ಪೇಷಂಟರ ಫಾರಂ ತುಂಬೋದು. ಅಲ್ಲೇ ನೋಡ್ರಿ ತಪ್ಪಾಗಿದ್ದು. ಅವರ ದೇಶದಾಗ ಮನಿಯವರು ಪೇಷಂಟನ್ನ ಆಸ್ಪತ್ರಿಗೆ ಒಪ್ಪಿಸಿ ಹೋಗ್ತಾರಂತ, ವಾರಕ್ಕೊಮ್ಮೆ ಹೂವಾ ಹಿಡಕೊಂಡ ಬರ್ತಾರಂತ. ಜೊತಿಗೆ ಕುಂಡ್ರೋದು ಅಂದ್ರ ಏನು, ಯಾರು ಕುಂಡ್ರಬೇಕು, ಆಕಿಗೆ ಹೆಂಗ ಗೊತ್ತಾಗಬೇಕು? ಯಾರು ಪಕ್ಕಕ್ಕ ಕುಂತಿದ್ರೋ ಅವರ ಹೆಸರ ಬರಕೊಳ್ಳಾಕಿ.

“ಒಂದಿನ ಗುತ್ತಲದ ಕಡಿಂದ ಒಂದು ಜೀಪು ಬಂತು. ಚನ್ನೇಶ ಅಂತ, ಬಿಳೇ ಅಂಗಿ, ತಂಪ ಕನ್ನಡಕ. ತಂಗೀನ ಇಳಿಸಿದ. ಕಾವ್ಯಾ ಅಂತ, ಇಪ್ಪತ್ಮೂರ ಇಪ್ಪತ್ನಾಕ ಇರಬೇಕು, ಅಪ್ಪ ಸತ್ತಾಗಿಂದ ಮಾತ ಬಿಟ್ಟಿದ್ಲು. ‘ಕಾಕಾ, ಗಾಡಿ ತಿರಗಿಸಿ ಬರ್ತೇನಿ’ ಅಂದ. ತಿರಗಿಸಿದ್ದ ಖರೇ. ಗುತ್ತಲದ ಕಡೆ ತಿರಗಿಸಿದ. ಆರ ತಿಂಗಳ ಅವನ ಮುಖಾ ಕಾಣ್ಲಿಲ್ಲ.

“ಜೊತಿಗೆ ಯಾರೂ ಇಲ್ಲಂದ್ರ ಆಕಿನ್ನ ನಾವು ಒಳಗ ತಗೊಳ್ಳಂಗಿದ್ದಿಲ್ಲ. ಸಂಜೀತನಾ ಗೇಟಿನಾಗ ಕುಂಡ್ರಿಸಿ, ಪೊಲೀಸರಿಗೆ ಫೋನ್ ಹಚ್ಚೋದು, ಅಷ್ಟ. ಆದ್ರ ನಾ ಒಂದ ತಾಸಿನ ಮ್ಯಾಲ ಹೋಗಿ ನೋಡಿದ್ರ, ಹುಡುಗಿ ಮಂಚದ ಮ್ಯಾಲ ಮಲಗ್ಯಾಳ, ಫಾರಂ ತುಂಬೈತಿ. ‘ಯಾರ ಬಂದಿದ್ರು?’ ಅಂದೆ. ಅನ್ನಕ್ಕ ಪುಸ್ತಕದ ಕನ್ನಡದಾಗ ಹೇಳಿದ್ಲು, ‘ಒಬ್ಬರು ಅಜ್ಜಿ ಬಂದಿದ್ದರು. ಕಾವ್ಯಾ ಅಜ್ಜಿಯ ಕೈ ಹಿಡಿದಳು. ಅಜ್ಜಿ ಹೆಬ್ಬೆಟ್ಟು ಒತ್ತಿದರು.’ ಅಜ್ಜಿನ್ನ ನಾ ಹುಡುಕಲಿಲ್ಲ. ಯಾಕ ಹುಡುಕ್ಲಿ? ವಾರ್ಡಿನಾಗ ಯಾವಾಗ ನೋಡಿದ್ರೂ ನಲ್ವತ್ತು ಮುದುಕ್ಯಾರು ಸೆರಗ ಹೊದ್ದಕೊಂಡ ಸ್ಟೂಲ್ ಮ್ಯಾಲ ಕುಂತಿರ್ತಾರ. ಯಾರು ಯಾರ ಮುಖಾ ನೋಡ್ತಾರ್ರೀ?

“ಕಾವ್ಯಾ ಆರಾಮ ಆದ್ಲು. ಮೊದಲ ಊಟಾ ಹತ್ತಿತು, ಆಮ್ಯಾಲ ನಿದ್ದಿ, ಆಮ್ಯಾಲ ಮಾತು. ಮಾತ ಬಂದ ಮ್ಯಾಲ ನಿಲ್ಲಸಾವರು ಯಾರು? ನನ್ನ ಮೀಸಿ ನೋಡಿ, ‘ಕಾಕಾ, ಇದನ್ನ ನೀ ಸಾಕೀಯೋ, ಇದ ನಿನ್ನ ಸಾಕೈತೋ?’ ಅಂತಿದ್ಲು. ಹಾವೇರಿಯೊಳಗ ಹೆಣ್ಮಕ್ಕಳ ಹಾಸ್ಟೆಲ್ಲು, ಹೊಲಿಗಿ ಕಲಸ್ತಾರ, ಕಲತವರಿಗೆ ಅಲ್ಲೇ ಕೆಲಸ. ಅನ್ನಕ್ಕ ಎಲ್ಲಾ ಮಾತಾಡಿ ಗೊತ್ತ ಮಾಡಿದ್ಲು. ಬರೂ ಸೋಮವಾರ ಸೇರೋದು. ಆ ಹುಡುಗಿ ದಿನಾ ಬೆರಳ ಮ್ಯಾಲ ಎಣಸ್ತಿದ್ಲು. ಆಕಿಗೆ ಜಗತ್ತಿನಾಗ ಬೇಕಾಗಿದ್ದ ಅದೊಂದ... ಅಣ್ಣನ ಮನಿಗೆ ಹೋಗದ ಆ ಹಾಸ್ಟೆಲ್ಲಿಗೆ ಹೋಗಿ ಮುಟ್ಟೋದು.

“ಶುಕ್ರವಾರ ಜೀಪು ಬಂತು. ಅದ ಬಿಳೇ ಅಂಗಿ. ಅಪ್ಪನ ಹೊಲಾ ಮಾರಾಕ ತಂಗಿ ಸಹಿ ಬೇಕಾಗಿತ್ತು ಅವಗ. ‘ನನ್ನ ತಂಗಿ, ಕಳಸ್ರಿ’ ಅಂದ. ಕಾವ್ಯಾ ಕಂಬಾ ಹಿಡಕೊಂಡ ನಿಂತ್ಲು. ‘ಕಾಕಾ, ಸಹಿ ಮಾಡಿದ ಮ್ಯಾಲ ಅಂವ ನನ್ನ ಮತ್ತ ಇಲ್ಲಿ ತಂದ ಬಿಟ್ರ ನಾ ಪುಣ್ಯವಂತಿ. ಬಿಡದಿದ್ರ?’ ಅಂದ್ಲು. ನಾ ಮ್ಯಾನೇಜರ್‌ನ ಕರಿಯಾಕ ಹೋದೆ.

“ಪ್ರಭಾಕರ ಅಂತ ಮ್ಯಾನೇಜರ್ ಇದ್ರು, ಹಾವೇರಿಯವರು, ಹೊಸಬರು. ಕಾಗದ ಅಂದ್ರ ಅವರಿಗೆ ದೇವರು. ಕಾವ್ಯಾನ ಫಾರಂ ತಗದ್ರು. ಜೊತಿಗಿರುವವರು ಬಸವಣ್ಣೆವ್ವ, ತಾಯಿ, ಊರು ಮೇಡ್ಲೇರಿ. ಚನ್ನೇಶ ಗಹಗಹಿಸಿ ನಕ್ಕ. ‘ನಮ್ಮವ್ವ ಸತ್ತ ಹದಿನೈದ ವರ್ಷ ಆತ್ರಿ, ಮೇಡ್ಲೇರಿಗೆ ಯಾವಾಗ ಹೋದ್ಲು?’ ಅಂದ. ಪ್ರಭಾಕರಗ ಅನುಮಾನ ಹತ್ತಿತು. ಅನ್ನಕ್ಕ ತುಂಬಿದ ಫಾರಂ ಎಲ್ಲಾ ತರಸಿ ಹಾಸಿದ್ರು. ಏನಂತೀರಿ! ಇನ್ನ ಎರಡರಾಗೂ ಅದ ಹೆಸರು. ಒಂದು ಪೇಷಂಟು ದೇವರಗುಡ್ಡದ್ದು, ಒಂದು ರಾಣೇಬೆನ್ನೂರದ್ದು, ಒಂದು ಗುತ್ತಲದ್ದು. ಮೂರೂ ಮನಿಯವರು ಬಿಟ್ಟಹೋದ ಪೇಷಂಟು, ಮೂರಕ್ಕೂ ಒಬ್ಬಾಕಿನ ತಾಯಿ, ಒಂದ ಹೆಬ್ಬಟ್ಟು.

“ಪ್ರಭಾಕರ ಮೈಮ್ಯಾಲ ಬಂದಂಗ ಮಾಡಿದ್ರು. ‘ದಿಕ್ಕಿಲ್ಲದವರನ್ನ ಒಳಗ ಹಾಕಲಿಕ್ಕೆ ಸುಳ್ಳ ಹೆಸರು ಬರದೀರಿ! ಈ ಹೆಬ್ಬಟ್ಟು ನಿಮ್ಮದ ಇರಬೇಕು!’ ಅಂದ್ರು. ಅನ್ನಕ್ಕಗ ಅಳು ಬಂತು. ‘ಇಬ್ಬರು ಅವರನ್ನು ಅವ್ವ ಎಂದರು, ಕಾವ್ಯಾ ಕೈ ಹಿಡಿದಳು. ನಾನು ತಾಯಿ ಎಂದು ಬರೆದೆ. ಇಲ್ಲಿ ಎಲ್ಲರೂ ಎಲ್ಲರಿಗೂ ಅವ್ವ ಎನ್ನುತ್ತಾರೆ, ಯಾರು ನಿಜವಾದ ಅವ್ವ ಎಂದು ನಾನು ಹೇಗೆ ತಿಳಿಯಲಿ?’ ಅಂದ್ಲು. ಪಾಪ, ಅದರಾಗ ತಪ್ಪೇನೈತಿ? ಪ್ರಭಾಕರ ಗಡಿಯಾರ ನೋಡಿದ್ರು. ‘ಸಂಜಿ ನಾಕರ ಒಳಗ ಈ ಬಸವಣ್ಣೆವ್ವ ಅನ್ನಾಕಿ ನನ್ನ ಮುಂದ ಬಂದ ನಿಲ್ಲಬೇಕು. ಇಲ್ಲಂದ್ರ ಹುಡುಗಿ ಅಣ್ಣನ ಜೋಡಿ, ನೀವು ವಿಮಾನದ ಜೋಡಿ.’

“ನಾ ಆಗ ಬಾಗಲದಾಗ ನಿಂತಿದ್ದೆ. ಕಾಗದ ಕೆಳಗ ಬಿತ್ತು, ಎತ್ತಿಕೊಟ್ಟೆ. ಎತ್ತುವಾಗ ಆ ಹೆಬ್ಬಟ್ಟು ನೋಡಿದೆ... ನಟ್ಟನಡವ ಅಡ್ಡ ಒಂದು ಗೀರು. ಕುಡಗೋಲು ಹರದ ಗಾಯದ ಗುರುತು. ಆ ಗೀರು ನನಗ ಗುರ್ತ ಸಿಕ್ತು.

“ಯಾಕಂದ್ರ ಆ ಹೆಬ್ಬಟ್ಟನ್ನ ನಾನ ನನ್ನ ಕೈಯಾರೆ ಹಿಡದ ಒತ್ತಸಿದ್ದೆ. ಇಪ್ಪತ್ತಾರ ವರ್ಷದ ಹಿಂದ.

“ಆಗ ಈ ಆಸ್ಪತ್ರಿ ಅಂದ್ರ ಎರಡ ಖೋಲಿ. ಗೇಟೂ ನಂದ, ಕಾಗದಾನೂ ನಂದ. ಮೇಡ್ಲೇರಿ ಬಸವಣ್ಣೆವ್ವ ಮಗಳನ್ನ ಕರಕೊಂಡ ಬಂದಿದ್ಲು. ಗಂಡನ ಮನಿಯೊಳಗ ಏನ ಆಗಿತ್ತೋ, ಹುಡುಗಿ ಬೆದರಿತ್ತು. ಒಂದಿನ ಮಗಳು ಪೇರಲಹಣ್ಣ ಬೇಡಿದ್ಲು. ಆಕಿ ಬ್ಯಾಡಗಿ ಪ್ಯಾಟಿಗೆ ಹೋದ್ಲು. ಆಕಿ ಅತ್ತ ಹೋಗೋದಕ್ಕೂ ಅಳಿಯಾ ಇತ್ತ ಬರೋದಕ್ಕೂ ಸರಿ ಹೋತು. ‘ನನ್ನ ಹೇಣ್ತಿ, ಕರಕೊಂಡ ಹೊಂಟೇನಿ’ ಅಂದ. ಗಂಡ ಅಂದ ಮ್ಯಾಲ ನಾ ಯಾವ ಊರ ದಾಸಯ್ಯ? ಗೇಟ ತಗದೆ. ಬಸವಣ್ಣೆವ್ವ ಉಡ್ಯಾಗ ಹಣ್ಣ ಹಾಕ್ಕೊಂಡ ಬಂದ್ಲು, ಮಂಚಾ ಖಾಲಿ. ನನ್ನ ಹತ್ರ ಬಂದು ಒಂದ ಮಾತ ಕೇಳಿದ್ಲು, ‘ಹಾಲೇಶಪ್ಪಾ, ನನ್ನ ಮಗಳನ್ನ ಯಾರ ಕೂಡ ಕಳಸಿದಿ?’ ನಾಕನೇ ದಿನಕ್ಕ ಸುದ್ದಿ ಬಂತು, ಹುಡುಗಿ ಹೆಣಾ ಮೇಡ್ಲೇರಿ ಹೊಳ್ಯಾಗ ಸಿಕ್ಕೈತಿ ಅಂತ. ಬಸವಣ್ಣೆವ್ವ ಅಳಲಿಲ್ಲ, ಮನಿಗೂ ಹೋಗಲಿಲ್ಲ. ಆ ಖಾಲಿ ಮಂಚದ ಬಾಜೂ ಸ್ಟೂಲ್ ಮ್ಯಾಲ ಕುಂತ್ಲು. ಒಂಬತ್ತ ದಿನ. ಹತ್ತನೇ ದಿನ ಎಬ್ಬಸಾಕ ಹೋದ್ರ... ಎಲ್ಲಿ ಏಳ್ತಾಳ? ಕುಂತಲ್ಲೇ ಆಗಿತ್ತು. ಹೊತ್ತವರಾಗ ನಾನೂ ಒಬ್ಬ. ಯಾರು ತಂದ ಸೇರಸ್ತಾರೋ ಅವರ ಒಯ್ಯಬೇಕು ಅನ್ನೂ ಕಾಯ್ದೆ ನೀವ ಓದ್ತೀರಲ್ಲ, ಅದು ಬಂದಿದ್ದು ಆಮ್ಯಾಲ.”

ಹಾಲೇಶಪ್ಪನವರು ಚಹಾದ ಲೋಟ ಎತ್ತಿ ನೋಡಿ, ಕುಡಿಯದೆ ಇಟ್ಟರು. ಮಲ್ಲೇಶಪ್ಪನವರು “ಮುಂದ?” ಎಂದರು. ಅವರ ದನಿಯಲ್ಲಿ ಉಳ್ಳಾಗಡ್ಡಿಯ ಹುಮ್ಮಸ್ಸು ಉಳಿದಿರಲಿಲ್ಲ.

“ಮುಂದ ಏನು... ಮೂರೂವರಿಗೆ ನಾ ಹಾಲ್‌ಗೆ ಹೋದೆ. ಅವತ್ತೂ ಚೀಲಾ ಬಂದಿದ್ವು. ಎಲ್ಲಾರೂ ತೊಟ್ಟ ಬಿಡಸಾಕತ್ತಾರ, ಎಲ್ಲಾರೂ ಸೀನಾಕತ್ತಾರ, ಮೂಗ ವರಸಾಕತ್ತಾರ, ಕಣ್ಣಾಗ ನೀರು. ಕಾವ್ಯಾ ಅಳಾಕತ್ತಾಳೋ ಘಾಟೋ ತಿಳೀಲಿಲ್ಲ. ಆಕಿ ಬಾಜೂ ಒಬ್ಬಾಕಿ ಮುದುಕಿ. ಇಳಕಲ್ ಸೀರಿ, ಸೆರಗ ತಲಿತುಂಬ. ಲಗೂ ಲಗೂ ತೊಟ್ಟ ಬಿಡಸಾಕತ್ತಾಳ. ನಾ ಬಾಗಲದಾಗ ನಿಂತ ನೋಡಿದೆ, ಎಷ್ಟೊತ್ತ ನೋಡಿದ್ನೋ... ಆಕಿ ಒಂದ ಸೀನ ಸೀನಲಿಲ್ಲ. ಕೆಮ್ಮಲಿಲ್ಲ. ಉಸರ ಆಡಾವರಿಗಲ್ಲೇನ್ರಿ ಘಾಟು ಹತ್ತೋದು?

“ಆಕಿ ತಲಿ ಎತ್ತಿದ್ಲು. ಇಪ್ಪತ್ತಾರ ವರ್ಷದಾಗ ನನ್ನ ಕೂದಲ ಬೆಳ್ಳಗಾಗಿದ್ವು, ಹಲ್ಲ ಹೋಗಿದ್ವು. ಆಕಿ ಹೆಂಗಿದ್ಲೋ ಹಂಗ ಇದ್ಲು.

“ಆಕಿನ್ನ ಆಫೀಸಿಗೆ ಕರಕೊಂಡ ಹೋದಾಕಿ ಅನ್ನಕ್ಕ, ಕೈ ಹಿಡಕೊಂಡು, ಹಿಗ್ಗಿನಿಂದ. ಚನ್ನೇಶ ಒದರಿದ, ‘ಈ ಮುದುಕಿ ಯಾರ ಅಂತ ನಿಮಗ ಯಾರಿಗರೆ ಗೊತ್ತೇನು? ಬಾಡಗಿಗೆ ತಂದಾರ!’ ಪ್ರಭಾಕರ ನನ್ನ ಕಡೆ ತಿರುಗಿದ್ರು. ‘ಹಾಲೇಶಪ್ಪ, ನೀ ಹಳೇ ಮನಷ್ಯಾ. ಈಕಿ ಬಸವಣ್ಣೆವ್ವ ಹೌದೋ ಅಲ್ಲೋ, ಒಂದ ಮಾತ ಹೇಳು.’

“ಈಗ ನೀವು ಹೇಳ್ರಿ. ಅಲ್ಲ ಅಂದ್ರ ಆ ಹುಡುಗಿನ್ನ ಜೀಪಿನಾಗ ಹಾಕ್ತಾನ. ಹಿಂದ ಒಮ್ಮೆ ಹಂಗ ಕಳಸಿ ಏನಾತು ನೋಡೀನಿ. ಹೌದು ಅಂದ್ರ...? ಹೌದು ಅಂದ್ರ ಯಾರ ಕೈಯಾಗ ಕೊಟ್ಟಂಗಾತು? ‘ಈಕಿ ಸತ್ತಾಕಿ ಅದಾಳ್ರಿ’ ಅಂತ ಹೇಳಿದ್ರ ನನಗೂ ಒಂದ ಮಂಚಾ ಹಾಸ್ತಿದ್ರು. ಕಾವ್ಯಾ ನನ್ನನ್ನ ನೋಡಾಕತ್ತಿದ್ಲು. ನಾ ಅಂದೆ, ‘ಹೌದ್ರಿ ಸಾಹೇಬ್ರ. ಈಕಿ ಮೇಡ್ಲೇರಿ ಬಸವಣ್ಣೆವ್ವ. ನನಗ ಪಕ್ಕಾ ಗೊತ್ತು.’ ಸುಳ್ಳ ಹೇಳಿದ್ನೇನು? ಇಲ್ಲ. ಅದ ನನ್ನ ಸಂಕಟ.

“ಕಾಗದ ಸರಿ ಆತು. ಪ್ರಭಾಕರಗ ಅಷ್ಟ ಸಾಕು. ಮುದುಕಿ ಹೆಬ್ಬಟ್ಟ ಒತ್ತಿದ್ಲು, ಡಿಸ್ಚಾರ್ಜ್ ಚೀಟಿ ಬಂತು, ಎರಡ ದಿನ ಮೊದಲ ಆದ್ರೂ ಅಡ್ಡಿ ಇಲ್ಲ, ಹುಡುಗಿನ್ನ ಹಾಸ್ಟೆಲ್ಲಿಗೆ ಮುದುಕೀನ ಬಿಟ್ಟ ಬರೋದು ಅಂತಾತು. ಚನ್ನೇಶ ಬೈಕೋಂತ ಹೋಗಿ ಹಾವೇರಿ ರಸ್ತೆ ಕಡೆ ಜೀಪು ಅಡ್ಡ ನಿಲ್ಲಿಸಿ ಬೀಡಿ ಹಚ್ಚಿದ. ಅನ್ನಕ್ಕ ಕಾವ್ಯಾನ ಅಪ್ಪಿಕೊಂಡ್ಲು. ಆಕಿದೂ ಮುದತು ಮುಗದಿತ್ತು, ಎರಡ ದಿನ ಬಿಟ್ಟ ತಮ್ಮ ದೇಶಕ್ಕ ಹೊರಡಾಕಿ.

“ನಾ ಗೇಟ ತಗದೆ. ಕಾವ್ಯಾ ಕೇಳಿದ್ಲು, ‘ಕಾಕಾ, ಹಾವೇರಿ ಬಸ್ ಯಾವ ಕಡಿಂದ?’ ಎಡಕ್ಕ ಅಂತ ಕೈ ಮಾಡಿದೆ. ಮುದುಕಿ ನನ್ನ ಮುಂದ ಒಂದ ಗಳಗಿ ನಿಂತ್ಲು. ಮಣ್ಣಿನ ವಾಸನಿ ಬಂತು, ಹೊಳಿ ಮಣ್ಣು. ‘ಈ ಸಲ ನನ್ನ ಕೂಡನ ಕಳಸಿದೆಲ್ಲೋ ಹಾಲೇಶಪ್ಪಾ... ಛಲೋ ಮಾಡಿದಿ’ ಅಂದ್ಲು. ಹುಡುಗಿ ಕೈ ಹಿಡಕೊಂಡು ಬಲಕ್ಕ ತಿರುಗಿದ್ಲು. ರಾಣೇಬೆನ್ನೂರ ಕಡೆ. ಆ ಹಾದಿ ಹಿಡದ್ರ ಮುಂದ ಮೇಡ್ಲೇರಿ, ಮುಂದ ಹೊಳಿ. ನಾ ಒದರಬೇಕಾಗಿತ್ತು, ಹೌದಿಲ್ಲೊ? ಬಾಯಿ ತಗದೆ. ಆದ್ರ ಒದರಿದ್ರ ಜೀಪಿನಾಗಿನವ ಹೊಳ್ಳಿ ನೋಡ್ತಿದ್ದ. ಅವನ ಕಣ್ಣ ತಪ್ಪಸಾಕ ಸುತ್ತ ಹಾಕಿ ಹೊಂಟಾರ ಅಂತ ನನಗ ನಾನ ಹೇಳಕೊಂಡೆ. ಗೇಟ ಮುಚ್ಚಿದೆ.

“ಸೋಮವಾರ ಹಾಸ್ಟೆಲ್ಲಿನಿಂದ ಫೋನು, ಹುಡುಗಿ ಬಂದಿಲ್ಲ. ಬುಧವಾರ ಮೇಡ್ಲೇರಿಯಿಂದ ಫೋನು. ಹೊಳ್ಯಾಗ ಸಿಕ್ಕಿದ್ಲು, ಅದ ಜಾಗಾದಾಗ. ಪೊಲೀಸರು ಬಂದ್ರು, ಕಾಗದ ನೋಡಿದ್ರು, ಕಾಗದ ಸರಿ ಇತ್ತು. ಬಸವಣ್ಣೆವ್ವನ್ನ ಹುಡುಕಿ ಮೇಡ್ಲೇರಿಗೆ ಹೋದ್ರು. ಅಲ್ಲೆ ಏನ ಹೇಳಿದ್ರೋ, ತಿರುಗಿ ಬಂದವರು ಫೈಲ್ ಮುಚ್ಚಿಬಿಟ್ರು. ಇನ್ನ ಇಬ್ರು ಪೇಷಂಟು ಇದ್ರಲ್ಲ, ಅದ ಹೆಬ್ಬಟ್ಟಿನವರು? ಅವರು ಅಂದಿನಿಂದ ಆರಾಮ ಆಗಾಕ ಒಲ್ಲೆ ಅಂದ್ರು. ಅಷ್ಟ ಶಾಣ್ಯಾತನ ಅವರಿಗಿತ್ತು.”

“ಅನ್ನಕ್ಕಗ ತಿಳಿಸಿದ್ರೇನು?” ಎಂದೆ ನಾನು.

“ಆಕಿ ಫೋನಿನಾಗ ಕೇಳ್ತಾಳ್ರಿ. ತಿಂಗಳಿಗೊಮ್ಮೆ. ‘ಕಾವ್ಯಾ ಹೇಗಿದ್ದಾಳೆ?’ ಅಂತ. ಆರಾಮ ಅದಾಳ, ಕೆಲಸಕ್ಕ ಹತ್ಯಾಳ, ದಿಕ್ಕಿಲ್ಲದ ಪೇಷಂಟರನ್ನ ನೋಡಕೊಂತಾಳ ಅಂತ ಮೊಮ್ಮಗನ ಕಡಿಂದ ಬರಸ್ತೇನಿ. ಹೂವಿನ ಚಿತ್ರ ಕಳಸ್ತಾಳ.” ಹಾಲೇಶಪ್ಪನವರು ಒಬ್ಬೊಬ್ಬರ ಮುಖವನ್ನೂ ನೋಡಿದರು. “ಅದರಾಗ ಒಂದಕ್ಷರ ಸುಳ್ಳಿಲ್ಲ. ಕೆಲಸಾ ಬಿಡೂ ಹಿಂದಿನ ದಿನ ನಾ ವಾರ್ಡಿನಾಗ ಹೋಗಿದ್ದೆ. ಒಬ್ಬ ಪೇಷಂಟಿನ ಜೊತಿಗಿದ್ದವರು ಚಹಾಕ್ಕ ಅಂತ ಕೆಳಗ ಬಂದಿದ್ರು, ಹೀಂಗ... ನಿಮ್ಮಂಗ. ಸ್ಟೂಲ್ ಮ್ಯಾಲ ಒಬ್ಬಾಕಿ ಮುದುಕಿ ಕುಂತಿದ್ಲು. ಮಂಚದ ತಲಿಗಡೆ ಒಬ್ಬಾಕಿ ಹುಡುಗಿ ನಿಂತು ಪೇಷಂಟಿನ ಹಣಿ ಸವರಾಕತ್ತಿದ್ಲು. ‘ಕಾಕಾ’ ಅಂದ್ಲು. ಮೊದಲ ಒಬ್ಬಾಕಿ ಇದ್ಲು, ಈಗ ಇಬ್ರು. ನೀವೆಲ್ಲಾ ಇಲ್ಲಿ ಕುಂತ ಒಂದ ತಾಸ ಆತು. ಮ್ಯಾಲ ನಿಮ್ಮ ಸ್ಟೂಲು ಖಾಲಿ ಅದಾವ ಅಂತ ಮಾಡೀರೇನು?”

ಮುಮ್ತಾಜಬಿ ಆಗಲೇ ಎದ್ದು ಮಳೆಯಲ್ಲಿ ಓಡುತ್ತಿದ್ದರು. ಮಲ್ಲೇಶಪ್ಪನವರು ಚಪ್ಪಲಿಯನ್ನೂ ಹುಡುಕಲಿಲ್ಲ. ನಾನು ಓದಿದವನಾದ್ದರಿಂದ ಚಹಾ ಮುಗಿಸಿ, ನಡೆದೇ ಹೋದೆ. ಮೆಟ್ಟಿಲಿನ ತಿರುವಿನಿಂದ ಮಾತ್ರ ಸ್ವಲ್ಪ ಬೇಗ ನಡೆದೆ.

ನಂದನ ಮಲಗಿದ್ದ. ಬಹಳ ದಿನಗಳ ಮೇಲೆ ಅವನ ಮುಖ ನಿರಾಳವಾಗಿತ್ತು. ಎಂಟು ಗಂಟೆಯ ಗುಳಿಗೆ ತರಲು ನರ್ಸ್ ತಬಸ್ಸುಮ್ ಅವರ ಮೇಜಿಗೆ ಹೋದೆ.

“ಅವರ ತಂಗಿ ಬಂದು ಒಯ್ದು ಕೊಟ್ರಲ್ರೀ ಸರ್, ಆಗಲೇ,” ಎಂದರು ಅವರು.

ನಂದನನಿಗೆ ತಂಗಿ ಇಲ್ಲ.